ಸ್ಟುಟ್‌ಗಾರ್ಟ್‌ನಲ್ಲಿ ಮಗಳಿಗೆ ರೂಮು: ಬಾಡಿಗೆಗಿಂತ ಮೊದಲು ಕೇಳಬೇಕಾದ ಎರಡು ಪ್ರಶ್ನೆ

ಪ್ರಶ್ನೆ: ನಾವು ದಾವಣಗೆರೆಯವರು. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಮಗಳಿಗೆ ಎಲೆಕ್ಟ್ರಿಕಲ್ ವಿಭಾಗದಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ಅಕ್ಟೋಬರ್‌ನಲ್ಲಿ ತರಗತಿ ಶುರು. ವಿದ್ಯಾರ್ಥಿ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದಾಳೆ, ಇನ್ನೂ ವೇಟಿಂಗ್ ಲಿಸ್ಟ್. ಬೆಂಗಳೂರಿನ ಏಜೆಂಟರು ತಿಂಗಳಿಗೆ 790 ಯೂರೊದ ಖಾಸಗಿ ಸ್ಟುಡಿಯೊ ತೋರಿಸಿ, ಆರು ತಿಂಗಳ ಬಾಡಿಗೆ ಈಗಲೇ ಕಟ್ಟಿ, ಬಾಡಿಗೆ ಕರಾರು ಇಲ್ಲದಿದ್ದರೆ ವೀಸಾ ಆಗುವುದಿಲ್ಲ ಎನ್ನುತ್ತಾರೆ. ಫೇಸ್‌ಬುಕ್‌ನಲ್ಲಿ 380 ಯೂರೊಗೆ ಚೆಂದದ ರೂಮು ಸಿಕ್ಕಿದೆ. ಆದರೆ ಮಾಲೀಕರು ಇಟಲಿಯಲ್ಲಿದ್ದಾರಂತೆ, 1,140 ಯೂರೊ ಡೆಪಾಸಿಟ್ ಕಳಿಸಿದರೆ ಕೀ ಕೊರಿಯರ್ ಮಾಡುತ್ತಾರಂತೆ. ಪರಿಚಯದ ಹುಡುಗಿಯರು ಎರಡು ಕೋಣೆಯ ಮನೆಯಲ್ಲಿ ನಾಲ್ವರಿದ್ದಾರೆ, 250 ಕೊಟ್ಟು ಬಂದಿರಲಿ, ಆದರೆ ವಿಳಾಸ ನೋಂದಣಿ ಆಗಲ್ಲ ಎಂದಿದ್ದಾರೆ. ಮಗಳು ಸಸ್ಯಾಹಾರಿ. ಹಾಸ್ಟೆಲ್‌ನಲ್ಲಿ ಹುಡುಗರೂ ಇರುತ್ತಾರೆ ಎಂದು ಅವಳ ತಾಯಿಗೆ ಚಿಂತೆ. ಇದರಲ್ಲಿ ಯಾವುದನ್ನು ಹಿಡಿಯೋಣ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಆಯ್ಕೆಗಳಿವೆ. ಒಂದು ಮೋಸ, ಅದನ್ನು ಇವತ್ತೇ ಬಿಡಿ. ಒಂದು ಅಗ್ಗವಾಗಿ ಕಂಡರೂ ಮುಂದೆ ದುಬಾರಿಯಾಗುತ್ತದೆ. ಒಂದು ಸುರಕ್ಷಿತ, ಆದರೆ ನಿಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ಉಳಿದದ್ದು ಹಾಸ್ಟೆಲ್, ಅದು ನಿಮ್ಮ ಕೈಯಲ್ಲಿಲ್ಲ. ನೀವು ಕೇಳದ ಐದನೆಯ ದಾರಿಯೂ ಒಂದಿದೆ. ಇಂಥ ಸ್ಥಿತಿಯಲ್ಲಿ ಬಹುತೇಕರಿಗೆ ಮೊದಲ ಆರು ತಿಂಗಳು ದಾಟಿಸುವುದು ಅದೇ.

ಯಾವ ರೂಮನ್ನೇ ನೋಡಿ, ಬಾಡಿಗೆಗಿಂತ ಮೊದಲು ಎರಡು ಪ್ರಶ್ನೆ ಕೇಳಿ. ಈ ವಿಳಾಸದಲ್ಲಿ ಮಗಳ ಹೆಸರು ನೋಂದಣಿ ಆಗುತ್ತದೆಯೇ? ಬಿಡಬೇಕೆಂದಾಗ ಬಿಡಲು ಆಗುತ್ತದೆಯೇ?

ನೋಂದಣಿಯ ವಿಷಯ ನಮ್ಮ ಕಡೆಯವರಿಗೆ ಹೊಸದು. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ನಾಗರಿಕ ಸೇವಾ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಬರೀ ಬಾಡಿಗೆ ಕರಾರು ತೋರಿಸಿದರೆ ಸಾಲದು. ‘ಇಂಥವರು ಇಂಥ ದಿನ ನನ್ನ ಮನೆಗೆ ಬಂದು ಸೇರಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಮಾಡಿದ ಒಂದು ಪುಟದ ದೃಢೀಕರಣ ಪತ್ರ ಬೇಕು. ಇದರ ಹಿಂದೆ ಒಂದು ಸರಪಳಿಯೇ ಇದೆ. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು ಈ ವಿಳಾಸಕ್ಕೆ. ಆ ಸಂಖ್ಯೆ ಇಲ್ಲದಿದ್ದರೆ ಪಾರ್ಟ್‌ಟೈಮ್ ಕೆಲಸದ ಸಂಬಳದಲ್ಲಿ ತೆರಿಗೆ ವಿಪರೀತ ಕಡಿತವಾಗುತ್ತದೆ. ಹಲವು ಬ್ಯಾಂಕುಗಳು ಖಾತೆ ತೆರೆಯಲು ನೋಂದಣಿ ಪತ್ರ ಕೇಳುತ್ತವೆ. ಬ್ಲಾಕ್ಡ್ ಅಕೌಂಟಿನಿಂದ (ವರ್ಷದ ಖರ್ಚಿನ ಹಣವನ್ನು ಮೊದಲೇ ತುಂಬಿ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ತಿಂಗಳ ಹಣ ಇಳಿಯುವುದು ಆ ಬ್ಯಾಂಕ್ ಖಾತೆಗೇ. ಎಲ್ಲಕ್ಕಿಂತ ಮುಖ್ಯವಾಗಿ, ವೀಸಾ ಅವಧಿ ಮುಗಿಯುವ ಮೊದಲು ಪಡೆಯಬೇಕಾದ ವಾಸದ ಪರವಾನಗಿಯನ್ನು ಕೊಡುವುದು ನೋಂದಾಯಿತ ವಿಳಾಸ ಇರುವ ಊರಿನ ವಿದೇಶಿಯರ ಕಚೇರಿ. ವಿಳಾಸ ಇಲ್ಲದಿದ್ದರೆ ಅರ್ಜಿ ಯಾವ ಕಚೇರಿಗೆ ಎಂಬುದೇ ನಿರ್ಧಾರವಾಗುವುದಿಲ್ಲ.

ಆದ್ದರಿಂದ ಪರಿಚಯದ ಹುಡುಗಿಯರ 250 ಯೂರೊ ಜಾಗ ಬೇಡ. ಅವರ ಮನಸ್ಸು ಒಳ್ಳೆಯದೇ, ನೋಂದಣಿ ಆಗಲ್ಲ ಎಂದು ಮೊದಲೇ ಹೇಳಿದ್ದಾರೆ. ಆದರೆ ಯಾಕೆ ಆಗಲ್ಲ ಎಂದು ಯೋಚಿಸಿ. ಕರಾರು ಒಬ್ಬಿಬ್ಬರ ಹೆಸರಿನಲ್ಲಿರುತ್ತದೆ, ಉಳಿದವರು ಇರುವುದು ಮಾಲೀಕರಿಗೆ ಗೊತ್ತಿರುವುದಿಲ್ಲ. ಅನುಮತಿಯಿಲ್ಲದೆ ಒಳಬಾಡಿಗೆ ಕೊಟ್ಟದ್ದು ಬಯಲಾದರೆ ಮಾಲೀಕರು ಮೂಲ ಬಾಡಿಗೆದಾರರ ಕರಾರನ್ನೇ ರದ್ದು ಮಾಡಬಹುದು. ಆಗ ನಾಲ್ವರೂ ಒಟ್ಟಿಗೆ ಬೀದಿಗೆ. ಇನ್ನು ಕೆಲವರು, ಇರಲು ಇಲ್ಲಿ ಇರು, ನೋಂದಣಿಗೆ ಮಾತ್ರ ಬೇರೆ ಮನೆಯ ಪತ್ರ ಕೊಡಿಸುತ್ತೇನೆ, ನೂರು ಯೂರೊ ಕೊಡು ಎನ್ನುತ್ತಾರೆ. ವಾಸವಿಲ್ಲದ ವಿಳಾಸವನ್ನು ನೋಂದಣಿಗೆ ಒದಗಿಸುವವರಿಗೆ ಅಲ್ಲಿನ ಕಾನೂನಿನಲ್ಲಿ 50,000 ಯೂರೊವರೆಗೆ ದಂಡವಿದೆ. ಸುಳ್ಳು ವಿಳಾಸ ಕೊಟ್ಟವರೂ ತಪ್ಪಿಸಿಕೊಳ್ಳುವುದಿಲ್ಲ. ಇಳಿದ ಮೊದಲ ವಾರ ತಂಗಲು ಅವರ ಮನೆ ಸಿಕ್ಕರೆ ಸಂತೋಷವಾಗಿ ಒಪ್ಪಿಕೊಳ್ಳಿ, ಅದು ನೆಂಟರ ಮನೆಗೆ ಹೋದ ಹಾಗೆ. ಅದಕ್ಕಿಂತ ಹೆಚ್ಚಿಗೆ ಬೇಡ.

ಇಟಲಿಯ ಮಾಲೀಕರ ಕಥೆ ಹಳೆಯದು. ಊರಿನ ಹೆಸರು ಮಾತ್ರ ಬದಲಾಗುತ್ತಿರುತ್ತದೆ: ಲಂಡನ್, ಓಸ್ಲೊ, ಈಗ ಇಟಲಿ. ಚಿತ್ರಗಳು ಯಾವುದೋ ಹೋಟೆಲ್ಲಿನವು, ಬಾಡಿಗೆ ಆ ಊರಿನ ದರಕ್ಕಿಂತ ನೂರಿನ್ನೂರು ಕಡಿಮೆ, ಮಾತು ತುಂಬಾ ನಯ. ಕೊನೆಗೆ ಕೊರಿಯರ್ ಕಂಪನಿಯದೋ ಬುಕಿಂಗ್ ತಾಣದ್ದೋ ಎಂದು ಕಾಣುವ ನಕಲಿ ಪುಟದ ಲಿಂಕು ಬರುತ್ತದೆ. ಡೆಪಾಸಿಟ್ ಮೂರು ತಿಂಗಳ ಬಾಡಿಗೆಗೆ ಸರಿಯಾಗಿದೆಯಲ್ಲ, ಕಾನೂನಿನ ಪ್ರಕಾರವೇ ಕೇಳುತ್ತಿದ್ದಾರಲ್ಲ ಎಂದು ನಿಮಗೆ ಅನ್ನಿಸಿರಬಹುದು. ಮೋಸಗಾರರಿಗೂ ಕಾನೂನು ಗೊತ್ತು. ಆದರೆ ಅದೇ ಕಾನೂನು ಇನ್ನೂ ಎರಡು ಮಾತು ಹೇಳುತ್ತದೆ. ಡೆಪಾಸಿಟ್ ಲೆಕ್ಕ ಹಾಕುವುದು ಹೀಟಿಂಗ್, ನೀರಿನ ಖರ್ಚು ಸೇರದ ಬರಿ ಬಾಡಿಗೆಯ ಮೇಲೆ. ಅದನ್ನು ಮೂರು ಸಮಾನ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ, ಮೊದಲ ಕಂತು ಬಾಡಿಗೆ ಅವಧಿ ಶುರುವಾದಾಗ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡ ನಮಗೆ ಮೂರು ತಿಂಗಳು ಚಿಕ್ಕದಾಗಿ ಕಾಣುತ್ತದೆ, ಅಷ್ಟೂ ಹಣ ಮುಂಗಡ ಕಳಿಸುವುದು ಸಹಜ ಅನ್ನಿಸುತ್ತದೆ. ಮನೆ ನೋಡದೆ, ಸಹಿಯಾದ ಕರಾರು ಕೈಗೆ ಬರದೆ ಒಂದು ಯೂರೊವನ್ನೂ ಕಳಿಸಬೇಡಿ. ಪಾಸ್‌ಪೋರ್ಟ್ ಪ್ರತಿಯನ್ನೂ ಕೊಡಬೇಡಿ. ಅದನ್ನೇ ‘ಮಾಲೀಕರ ಗುರುತಿನ ಚೀಟಿ’ ಎಂದು ಮುಂದಿನವರಿಗೆ ತೋರಿಸಿ ಮೋಸ ಮಾಡುತ್ತಾರೆ. ಈಗಾಗಲೇ ಕಳಿಸಿದ್ದರೆ ಆ ಮಾತುಕತೆಯ ಸ್ಕ್ರೀನ್‌ಶಾಟ್‌ಗಳನ್ನು ಜೋಪಾನ ಮಾಡಿ, ಅಳಿಸಬೇಡಿ.

ಹಾಗಾದರೆ ನಿಜವಾದ ರೂಮನ್ನು ಇಲ್ಲಿಂದಲೇ ಪರೀಕ್ಷಿಸುವುದು ಹೇಗೆ? ಲೈವ್ ವಿಡಿಯೊ ಕರೆಯಲ್ಲಿ ಬೀದಿಯಿಂದ ಶುರು ಮಾಡಿಸಿ: ಕಟ್ಟಡದ ಸಂಖ್ಯೆ, ಬಾಗಿಲ ಬಳಿಯ ಕರೆಗಂಟೆಯ ಮೇಲಿರುವ ಹೆಸರು, ಮೆಟ್ಟಿಲು, ರೂಮು, ಕಿಟಕಿಯಿಂದ ಹೊರಗೆ, ಅಡುಗೆಮನೆಯ ನಲ್ಲಿ. ಮೊದಲೇ ಮಾಡಿಟ್ಟ ವಿಡಿಯೊ ಲೆಕ್ಕಕ್ಕಿಲ್ಲ. ಗಂಟೆಯ ಮೇಲಿನ ಹೆಸರೂ ಕರಾರಿನ ಹೆಸರೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಯಾಕೆಂದು ಕೇಳಿ. ಸ್ಟುಟ್‌ಗಾರ್ಟ್ ಸುತ್ತ ಬಾಷ್, ಮರ್ಸಿಡಿಸ್ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಸಾಕಷ್ಟಿದ್ದಾರೆ. ಅವರಲ್ಲಿ ಯಾರಾದರೂ ಒಂದು ಸಂಜೆ ಹೋಗಿ ನೋಡಿ ಬರುವುದಾದರೆ ಯಾವ ವಿಡಿಯೊ ಕರೆಯೂ ಅದಕ್ಕೆ ಸಮನಲ್ಲ. ಮನೆಯೊಳಗೆ ಬಿಡಲು ಒಪ್ಪದ ಮಾಲೀಕರ ಜೊತೆ ಮಾತು ಮುಗಿಸಿ.

ಈಗ ಏಜೆಂಟರ ಸ್ಟುಡಿಯೊ. ಮೊದಲು ವೀಸಾದ ಮಾತು. ವಿದ್ಯಾರ್ಥಿ ವೀಸಾದ ಆಧಾರ ಪ್ರವೇಶ ಪತ್ರ, ಎಪಿಎಸ್ ಪ್ರಮಾಣಪತ್ರ (ಇಲ್ಲಿನ ಅಂಕಪಟ್ಟಿ, ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ), ಆರೋಗ್ಯ ವಿಮೆ ಮತ್ತು ಹಣದ ಪುರಾವೆ. ಬ್ಲಾಕ್ಡ್ ಅಕೌಂಟಿನಲ್ಲಿ ಈಗ ವರ್ಷಕ್ಕೆ 11,904 ಯೂರೊ ತೋರಿಸಬೇಕು, ತಿಂಗಳಿಗೆ 992. ಬಾಡಿಗೆ ಕರಾರು ಇಲ್ಲ ಎಂಬ ಒಂದೇ ಕಾರಣಕ್ಕೆ ವೀಸಾ ನಿಲ್ಲುತ್ತದೆ ಎಂಬುದು ಹೆದರಿಸುವ ಮಾತು. ದೂತಾವಾಸ ಪ್ರಕಟಿಸಿರುವ ಚೆಕ್‌ಲಿಸ್ಟನ್ನು ಇಳಿಸಿಕೊಂಡು ನೀವೇ ಓದಿ, ಏಜೆಂಟರ ಬಾಯಿಮಾತನ್ನು ನಂಬಬೇಡಿ. ಇಂಥ ಏಜೆನ್ಸಿಗಳಿಗೆ ಖಾಸಗಿ ವಸತಿ ಕಂಪನಿಗಳಿಂದ ಕಮಿಷನ್ ಬರುವುದು ಸಾಮಾನ್ಯ. ಅದು ಅಪರಾಧವೇನಲ್ಲ, ಆದರೆ ಸಲಹೆ ಯಾಕೆ ಆ ಕಡೆಗೇ ವಾಲುತ್ತದೆ ಎಂದು ಗೊತ್ತಿರಲಿ.

ಲೆಕ್ಕ ನೋಡಿ. 992ರಲ್ಲಿ ವಿದ್ಯಾರ್ಥಿ ಆರೋಗ್ಯ ವಿಮೆಗೆ ಸುಮಾರು 150 ಹೋಗುತ್ತದೆ, ಉಳಿಯುವುದು 842. ಅದರಲ್ಲಿ 790 ಬಾಡಿಗೆಗೆ ಹೋದರೆ ಕೈಯಲ್ಲಿ 52 ಯೂರೊ. ಮನೆಯಲ್ಲೇ ಅಡುಗೆ ಮಾಡಿಕೊಂಡರೂ ಊಟಕ್ಕೆ 200 ಬೇಕು. ಜೊತೆಗೆ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ, ಅದು ಈ 992ರಲ್ಲಿ ಸೇರಿಲ್ಲ. ಹೋದ ತಕ್ಷಣ ಪಾರ್ಟ್‌ಟೈಮ್ ಸಿಗುತ್ತದೆ ಎಂದುಕೊಂಡು ಬಾಡಿಗೆ ಒಪ್ಪಿಕೊಳ್ಳಬೇಡಿ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ, ಸರಿ. ಆದರೆ ಮೊದಲ ಸೆಮಿಸ್ಟರಿನಲ್ಲಿ ಭಾಷೆ, ಪರೀಕ್ಷೆ, ಕಾಗದಪತ್ರದ ಓಡಾಟದ ನಡುವೆ ಎಷ್ಟೋ ಮಂದಿಗೆ ಕೆಲಸ ಸಿಗುವ ಹೊತ್ತಿಗೆ ವಸಂತ ಬಂದಿರುತ್ತದೆ.

ಆ ಸ್ಟುಡಿಯೊದಲ್ಲಿ ನೋಂದಣಿ ಆಗುತ್ತದೆ, ಕರಾರು ನಿಜ, ಮಂಚ ಮೇಜು ಎಲ್ಲ ಇರುತ್ತದೆ. ಮೊದಲ ಪ್ರಶ್ನೆಗೆ ಹೌದು. ಎರಡನೆಯದಕ್ಕೆ ಇಲ್ಲ, ಏಕೆಂದರೆ ಇಂಥ ಕರಾರುಗಳಲ್ಲಿ ಆರು ಅಥವಾ ಹನ್ನೆರಡು ತಿಂಗಳ ಕನಿಷ್ಠ ಅವಧಿ ಇರುತ್ತದೆ. ನವೆಂಬರ್‌ನಲ್ಲಿ ಹಾಸ್ಟೆಲ್ ಸಿಕ್ಕರೂ ಹೊರಬರಲಾಗದು. ಬಾಡಿಗೆಯನ್ನು ತಿಂಗಳ ಮೂರನೇ ಕೆಲಸದ ದಿನದೊಳಗೆ ತಿಂಗಳಿಗೊಮ್ಮೆ ಕಟ್ಟುವುದು ಜರ್ಮನಿಯ ಪದ್ಧತಿ. ಆರು ತಿಂಗಳದ್ದು ಒಟ್ಟಿಗೆ ಬೇಕು ಎನ್ನುವವರ ಜೊತೆ ಚೌಕಾಸಿ ಮಾಡಿ, ಆಗದಿದ್ದರೆ ಎದ್ದು ಬನ್ನಿ. ಬೇರೆ ದಾರಿಯೇ ಇಲ್ಲವೆಂದಾದರೆ ಮಾತ್ರ, ವೀಸಾ ನಿರಾಕರಣೆಯಾದರೆ ಎಷ್ಟು ದಿನದೊಳಗೆ ಎಷ್ಟು ಹಣ ವಾಪಸ್ ಎಂಬುದನ್ನು ಕರಾರಿನಲ್ಲೇ ಬರೆಸಿಕೊಂಡು ಸಹಿ ಮಾಡಿ.

ಇನ್ನು ಹಾಸ್ಟೆಲ್. ಇದನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ, ಸ್ಟುಡೀರೆಂಡೆನ್‌ವೆರ್ಕ್ ಎಂಬ ಪ್ರತ್ಯೇಕ ಸಾರ್ವಜನಿಕ ಸಂಸ್ಥೆ. ಸೀಟು ಸಿಕ್ಕಿತೆಂದರೆ ರೂಮೂ ಸಿಕ್ಕಿತು ಎಂದು ನಂಬುವ ಮನೆಯವರು ಇದನ್ನು ತಡವಾಗಿ ತಿಳಿದುಕೊಳ್ಳುತ್ತಾರೆ. ಸ್ಟುಟ್‌ಗಾರ್ಟ್‌ನಲ್ಲಿ ಇದರ ರೂಮುಗಳು ಹೀಟಿಂಗ್, ನೀರು, ಇಂಟರ್ನೆಟ್ ಸೇರಿ ಸುಮಾರು 300ರಿಂದ 450 ಯೂರೊ. ಅಂದರೆ 842ರಲ್ಲಿ ಊಟಕ್ಕೆ, ಪುಸ್ತಕಕ್ಕೆ, ಚಳಿಗಾಲದ ಬೂಟಿಗೆ ಹಣ ಉಳಿಯುತ್ತದೆ. ಎಲೆಕ್ಟ್ರಿಕಲ್ ವಿಭಾಗ ಇರುವುದು ನಗರದ ಹೊರವಲಯದ ಫೈಹಿಂಗೆನ್ ಕ್ಯಾಂಪಸ್ಸಿನಲ್ಲಿ. ಆಲ್ಮಂಡ್‌ರಿಂಗ್, ಫಾಫನ್‌ಹೋಫ್, ಸ್ಟ್ರೌಸೆಕರ್ ಹಾಸ್ಟೆಲ್‌ಗಳೂ ಅಲ್ಲೇ ಇವೆ.

ವೇಟಿಂಗ್ ಲಿಸ್ಟ್ ಅಂದರೆ ಅರ್ಜಿ ಹಾಕಿ ಕೂರುವುದಲ್ಲ. ಇಂಥ ಸಂಸ್ಥೆಗಳಲ್ಲಿ ಹಲವು, ಆಸಕ್ತಿ ಇನ್ನೂ ಇದೆಯೇ ಎಂದು ನಿಗದಿತ ಸಮಯಕ್ಕೊಮ್ಮೆ ದೃಢಪಡಿಸಲು ಹೇಳುತ್ತವೆ. ಆ ಇಮೇಲ್ ಸ್ಪ್ಯಾಮಿಗೆ ಬಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ರೂಮು ಕೊಡುವ ಪತ್ರ ಬಂದರೂ ಒಪ್ಪಿ ಡೆಪಾಸಿಟ್ ಕಟ್ಟಲು ಸಾಮಾನ್ಯವಾಗಿ ಕೆಲವೇ ದಿನ ಇರುತ್ತದೆ. ಭಾರತದಿಂದ ಹಣ ತಲುಪಲು ಎರಡು ಮೂರು ಕೆಲಸದ ದಿನ ಬೇಕಾದ್ದರಿಂದ, ಬ್ಯಾಂಕಿನಲ್ಲಿ ವಿದೇಶಿ ರವಾನೆಯ ಫಾರಂ, ಪ್ಯಾನ್, ಪ್ರವೇಶ ಪತ್ರ ಎಲ್ಲ ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ. ಅರ್ಜಿಯಲ್ಲಿ ಇಂಥದೇ ಕಟ್ಟಡ, ಸ್ವಂತ ಬಾತ್‌ರೂಮೇ ಬೇಕು ಎಂದು ಆಯ್ಕೆ ಬಿಗಿ ಮಾಡಿದಷ್ಟೂ ಸರದಿ ನಿಧಾನ. ಎಸ್ಲಿಂಗೆನ್, ಲುಡ್‌ವಿಗ್ಸ್‌ಬುರ್ಗ್ ಊರುಗಳ ಹಾಸ್ಟೆಲ್ ಕೊಟ್ಟರೂ ಬೇಡವೆನ್ನಬೇಡಿ. ಚರ್ಚುಗಳೂ ಸಂಘಗಳೂ ನಡೆಸುವ ಹಾಸ್ಟೆಲ್‌ಗಳೂ ಇವೆ, ಅವುಗಳಿಗೆ ಬೇರೆ ಬೇರೆ ಅರ್ಜಿ ಹಾಕಬೇಕು. ಅನೇಕ ಕಡೆ ಧರ್ಮ ಅಡ್ಡಿಯಲ್ಲ, ತನ್ನ ಬಗ್ಗೆ ಒಂದು ಪುಟ ಬರೆದು ಕೊಡಲು ಹೇಳುತ್ತಾರೆ.

ತಾಯಿಯ ಚಿಂತೆಗೆ ನೇರ ಉತ್ತರ: ಹೌದು, ಹುಡುಗರಿರುತ್ತಾರೆ. ಅಲ್ಲಿನ ಹಾಸ್ಟೆಲ್‌ನಲ್ಲಿ ವಾರ್ಡನ್ ಇಲ್ಲ, ಮೆಸ್ ಇಲ್ಲ, ಗೇಟಿನ ಸಮಯವೂ ಇಲ್ಲ. ಪ್ರತಿಯೊಬ್ಬರಿಗೂ ಬೀಗವಿರುವ ತಮ್ಮದೇ ರೂಮು, ಅಡುಗೆಮನೆ, ಹಲವು ಕಡೆ ಬಾತ್‌ರೂಮೂ ಹಂಚಿಕೆ. ಹುಡುಗಿಯರೇ ಇರುವ ಘಟಕ ಬೇಕೆಂದು ಅರ್ಜಿಯಲ್ಲಿ ಕೋರಬಹುದು, ಖಾತ್ರಿಯಿಲ್ಲ. ಸಸ್ಯಾಹಾರಕ್ಕೆ ತೊಂದರೆಯಿಲ್ಲ, ಕ್ಯಾಂಪಸ್ಸಿನ ಊಟದ ಹಾಲಿನಲ್ಲೂ ಸಸ್ಯಾಹಾರ ಸಿಗುತ್ತದೆ. ಆದರೆ ಫ್ರಿಜ್ಜು, ಒಲೆ, ಬಾಣಲೆ ಮಾಂಸಾಹಾರಿಗಳ ಜೊತೆ ಹಂಚಿಕೊಳ್ಳಬೇಕು. ಅದು ಸಹಿಸಲಾಗದು ಎಂದಾದರೆ ಈಗಲೇ ಹೇಳಲಿ, ಆಗ ಅಡುಗೆಮನೆ ರೂಮಿನಲ್ಲೇ ಇರುವ ಒಂಟಿ ಘಟಕವನ್ನು ಹುಡುಕಬೇಕು. ಅದಕ್ಕೆ ಬಾಡಿಗೆಯೂ ಕಾಯುವಿಕೆಯೂ ಹೆಚ್ಚು.

ಐದನೆಯ ದಾರಿ ಎಂದೆನಲ್ಲ, ಅದು ತಾತ್ಕಾಲಿಕ ಒಳಬಾಡಿಗೆ. ಜರ್ಮನ್ ವಿದ್ಯಾರ್ಥಿಗಳು ಇಂಟರ್ನ್‌ಷಿಪ್‌ಗೋ ಬೇರೆ ದೇಶದ ವಿನಿಮಯ ಸೆಮಿಸ್ಟರಿಗೋ ಹೋಗುವಾಗ ತಮ್ಮ ರೂಮನ್ನು ಮೂರರಿಂದ ಆರು ತಿಂಗಳು ಸಾಮಾನು ಸಮೇತ ಕೊಟ್ಟು ಹೋಗುತ್ತಾರೆ. ಝ್ವಿಶೆನ್‌ಮೀಟೆ (Zwischenmiete) ಎಂದು ಹುಡುಕಿ. ವೇಗೇ-ಗೆಝೂಖ್ಟ್ (WG-Gesucht) ಎಂಬ ರೂಮು ಜಾಹೀರಾತಿನ ತಾಣದಲ್ಲಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಇವು ಹೆಚ್ಚು ಬರುತ್ತವೆ. ಹಂಚಿಕೆ ಮನೆಯ ರೂಮಿಗೆ ಸ್ಟುಟ್‌ಗಾರ್ಟ್‌ನಲ್ಲಿ ಸಾಮಾನ್ಯವಾಗಿ 450ರಿಂದ 650 ಯೂರೊ. ಹಾಸ್ಟೆಲಿಗಿಂತ ದುಬಾರಿ, ಸ್ಟುಡಿಯೊಗಿಂತ ಅಗ್ಗ, ಅವಧಿ ಮುಗಿದರೆ ಕಟ್ಟುಪಾಡಿಲ್ಲ. ಹಾಸ್ಟೆಲ್ ಸರದಿ ಬರುವವರೆಗೆ ತಲೆಯ ಮೇಲೊಂದು ಸೂರು. ಕೇಳಬೇಕಾದ್ದು ಎರಡೇ: ಒಳಬಾಡಿಗೆಗೆ ಮಾಲೀಕರ ಲಿಖಿತ ಒಪ್ಪಿಗೆ ಇದೆಯೇ, ನೋಂದಣಿಯ ದೃಢೀಕರಣ ಪತ್ರ ಕೊಡುತ್ತೀರಾ. ಮೊದಲ ಸಂದೇಶದಲ್ಲೇ ಕೇಳಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಸಂದೇಶ ಬರೆಯುವುದರಲ್ಲೇ ನಮ್ಮ ಮಕ್ಕಳು ಎಡವುತ್ತಾರೆ. ‘ಗೌರವಾನ್ವಿತ ಸರ್, ಈ ರೂಮು ಇದೆಯೇ’ ಎಂದು ಐವತ್ತು ಕಡೆ ಒಂದೇ ಸಾಲು ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಅಲ್ಲಿ ಹೊಸಬರನ್ನು ಆರಿಸುವವರು ಮನೆಯಲ್ಲಿ ಇರುವವರೇ. ಆರೇಳು ಸಾಲು, ಸಾಧ್ಯವಾದರೆ ಜರ್ಮನ್‌ನಲ್ಲಿ: ಹೆಸರು, ಓದು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಹಣದ ವ್ಯವಸ್ಥೆ ಬ್ಲಾಕ್ಡ್ ಅಕೌಂಟಿನಲ್ಲಿದೆ ಎಂಬುದು, ಅಡುಗೆ ಇಷ್ಟ, ಸಿಗರೇಟು ಇಲ್ಲ, ಆ ಜಾಹೀರಾತಿನಲ್ಲಿ ಅವರೇ ಬರೆದ ಯಾವುದಾದರೂ ವಿವರಕ್ಕೆ ಒಂದು ಪ್ರತಿಕ್ರಿಯೆ, ಮತ್ತು ಭಾರತದ ಯಾವ ಹೊತ್ತಿಗೆ ವಿಡಿಯೊ ಕರೆಗೆ ಸಿಗುತ್ತಾಳೆ ಎಂಬುದು.

ಹುಡುಕುವಾಗ ನಕ್ಷೆಯಲ್ಲಿ ದೂರ ಅಳೆಯಬೇಡಿ, ರೈಲು ಮಾರ್ಗ ನೋಡಿ. ಫೈಹಿಂಗೆನ್ ಕ್ಯಾಂಪಸ್ಸಿಗೆ ಊನಿವರ್ಸಿಟೇಟ್ ಎಂಬ ಸ್ವಂತ ನಿಲ್ದಾಣವಿದೆ. ಎಸ್1, ಎಸ್2, ಎಸ್3 ಮೂರೂ ಉಪನಗರ ರೈಲುಗಳು ಅಲ್ಲಿ ನಿಲ್ಲುತ್ತವೆ, ಮುಖ್ಯ ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ಆದ್ದರಿಂದ ಎಸ್1ರ ಬೊಬ್ಲಿಂಗೆನ್, ಹೆರೆನ್‌ಬೆರ್ಗ್, ಎಸ್ಲಿಂಗೆನ್, ಎಸ್2, ಎಸ್3ರ ವೈಬ್ಲಿಂಗೆನ್ ಇವೆಲ್ಲ ರೈಲು ಬದಲಿಸದೆ ತಲುಪುವ ಊರುಗಳು. ನಗರದೊಳಗೇ ಇದ್ದು ಎರಡು ಬಸ್ಸು ಬದಲಿಸುವ ಬಡಾವಣೆಗಿಂತ ಬೊಬ್ಲಿಂಗೆನ್ ವಾಸಿ. ಇನ್ನೊಂದು ಲಾಭವೂ ಇದೆ. ಬೇರೆ ಊರಿನಲ್ಲಿದ್ದರೆ ವಾಸದ ಪರವಾನಗಿಗೆ ಆ ಊರಿನ ಅಥವಾ ಜಿಲ್ಲೆಯ ಕಚೇರಿ. ಸ್ಟುಟ್‌ಗಾರ್ಟ್ ನಗರದ ಕಚೇರಿಯ ಮುಂದೆ ಜನ ರಾತ್ರಿಯಿಂದಲೇ ಸಾಲು ನಿಂತದ್ದು ಕೆಲ ವರ್ಷಗಳ ಹಿಂದೆ ಅಲ್ಲಿನ ಪತ್ರಿಕೆಗಳಲ್ಲೇ ಸುದ್ದಿಯಾಗಿತ್ತು.

ರೂಮು ಯಾವುದೇ ಆಗಲಿ, ಹೋದ ದಿನ ಮಾಡಬೇಕಾದ ಕೆಲವು ಕೆಲಸಗಳಿವೆ. ಹಾಸ್ಟೆಲ್‌ನ ಕೀ ಕೊಡುವುದು ಕಟ್ಟಡದ ಉಸ್ತುವಾರಿ, ಅದೂ ಕೆಲಸದ ದಿನಗಳ ನಿಗದಿತ ಗಂಟೆಗಳಲ್ಲಿ ಮಾತ್ರ. ಶುಕ್ರವಾರ ರಾತ್ರಿ ಇಳಿಯುವ ವಿಮಾನ ಹಿಡಿದರೆ ಸೋಮವಾರದವರೆಗೆ ಬೇರೆ ತಂಗುದಾಣ ಬೇಕು. ಮಂಚ, ಹಾಸಿಗೆ ಇರುತ್ತವೆ, ದಿಂಬು ಹೊದಿಕೆ ಇರುವುದಿಲ್ಲ. ಒಳಹೋಗುವಾಗ ಬರೆಯುವ ಹಸ್ತಾಂತರ ಪತ್ರದಲ್ಲಿ ಗೋಡೆಯ ಗೀರು, ಸಿಂಕಿನ ಬಿರುಕು, ಕಿಟಕಿಯ ಮೂಲೆಯ ಕಪ್ಪು ಬೂಷ್ಟು ಎಲ್ಲವನ್ನೂ ಬರೆಸಿ, ಫೋಟೊ ತೆಗೆದಿಟ್ಟುಕೊಳ್ಳಲಿ. ಡೆಪಾಸಿಟ್‌ನಲ್ಲಿ ಕಡಿತವಾಗುವುದು ಇಂಥವಕ್ಕೇ. ಆ ಬೂಷ್ಟಿಗೆ ನಮ್ಮ ಅಡುಗೆಯೂ ಕಾರಣವಾಗುತ್ತದೆ: ಕುಕ್ಕರಿನ ಹಬೆ, ರೂಮಿನಲ್ಲೇ ಒಣಗಿಸುವ ಬಟ್ಟೆ, ಚಳಿಗೆಂದು ಮುಚ್ಚಿದ ಕಿಟಕಿ. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ ಕಿಟಕಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಡಬೇಕು. ಓರೆಯಾಗಿ ಇಡೀ ದಿನ ತೆರೆದಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚು.

ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ, ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನೇ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ವಿಮೆಯ ಪತ್ರ, ತೆರಿಗೆ ಸಂಖ್ಯೆ ಎಲ್ಲ ಬಂದ ದಾರಿಯಲ್ಲೇ ವಾಪಸ್. ನಮ್ಮಲ್ಲಿ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಇರುತ್ತದೆ, ಕೆಲವರದು ಖಾಲಿಯೇ. ಬ್ಯಾಂಕು, ವಿಮೆ, ನೋಂದಣಿ ಮೂರರಲ್ಲೂ ಹೆಸರು ಹೇಗೆ ಬಿದ್ದಿದೆಯೋ ಅದೇ ಅಕ್ಷರಗಳು ಪೆಟ್ಟಿಗೆಯ ಮೇಲೂ ಇರಲಿ. ಹಂಚಿಕೆ ಮನೆಯಾದರೆ ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಬರುತ್ತದೆ, ಟಿವಿ ಇರಲಿ ಬಿಡಲಿ. ಅದನ್ನು ಈಗಾಗಲೇ ಯಾರಾದರೂ ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ಸಂಖ್ಯೆ ಕೊಟ್ಟು ಖರ್ಚು ಹಂಚಿಕೊಂಡರೆ ಸಾಕು. ಶುಲ್ಕ ಕಟ್ಟಿ ಎಂದು ಬರುವ ಪತ್ರವನ್ನು ಮೋಸದ್ದೆಂದು ಹರಿದು ಹಾಕಿದವರಿಗೆ ಬಾಕಿಯ ಜೊತೆ ದಂಡವೂ ಬರುತ್ತದೆ. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯೂ ಇದೆ. ಬಾಗಿಲಿಗೆ ಒಂದು ಫಲಕ ತೂಗಿದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮ ಮನೆಯದು. ನೆರೆಯವರ ಜೊತೆ ಜಗಳ ಬೇಡವೆಂದರೆ ತಪ್ಪಿಸಬಾರದು.

ಕೊನೆಯದಾಗಿ, ವೀಸಾ ತಡವಾದರೆ. ಹಾಸ್ಟೆಲ್ ಕರಾರು ಅಕ್ಟೋಬರ್ 1ರಿಂದ ಇದ್ದರೆ, ಮಗಳು 25ಕ್ಕೆ ಹೋದರೂ ಬಾಡಿಗೆ 1ರಿಂದಲೇ. ಇದನ್ನು ತಪ್ಪಿಸಲು ರೂಮು ಬಿಟ್ಟುಕೊಡಬೇಡಿ, ಮತ್ತೆ ಸಿಗುವುದು ಕಷ್ಟ. ತಡವಾಗಿ ಬರುವ ತಾರೀಖನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಗೂ ಹಾಸ್ಟೆಲಿಗೂ ಇಮೇಲಿನಲ್ಲಿ ತಿಳಿಸಿ, ವೀಸಾ ಅಪಾಯಿಂಟ್‌ಮೆಂಟ್ ರಸೀದಿ ಲಗತ್ತಿಸಿ, ಕೀಯನ್ನು ಯಾವತ್ತು ಯಾರಿಂದ ಪಡೆಯಬೇಕೆಂದು ಕೇಳಿ. ನೋಂದಣಿಗೆ ಇರುವ ಎರಡು ವಾರದ ಲೆಕ್ಕ ಶುರುವಾಗುವುದು ಕರಾರಿನ ದಿನದಿಂದಲ್ಲ, ಅವಳು ರೂಮು ಸೇರಿದ ದಿನದಿಂದ. ನೋಂದಣಿಯ ಅಪಾಯಿಂಟ್‌ಮೆಂಟನ್ನು ವಿಮಾನದ ಟಿಕೆಟ್ ಆದ ದಿನವೇ ಆನ್‌ಲೈನಿನಲ್ಲಿ ಹಿಡಿದಿಟ್ಟುಕೊಳ್ಳಲಿ.